ಗೊಂಬೆಯ ಸೂತ್ರ ಯಾರ ಕೈಲಿ?

2024ರ ಡಿಸೆಂಬರಿನಲ್ಲಿ ಅಮೆರಿಕದ ಎಂಬಾಡೀಡ್ ಎಂಬ ಕಂಪನಿ ಬಾಗಿಲು ಹಾಕಿತು. ಅದು ಮಾರುತ್ತಿದ್ದದ್ದು ಮಾಕ್ಸಿ ಎಂಬ ಮಾತಾಡುವ ರೋಬೋ. ಮಕ್ಕಳಿಗೆ ಮಾತು, ಭಾವನೆ, ಗೆಳೆತನ ಕಲಿಸ್ತದೆ ಅಂತ ಹೇಳಿ 799 ಡಾಲರಿಗೆ ಮಾರಿದ್ದರು. ಆಟಿಸಂ ಇರುವ ಮಕ್ಕಳ ತಾಯ್ತಂದೆಯರೂ ಕೊಂಡಿದ್ದರು. ಗೊಂಬೆ ಮಗುವಿನ ಮನೆಯಲ್ಲಿ, ಅದರ ಬುದ್ಧಿ ಕಂಪನಿಯ ಕಂಪ್ಯೂಟರಿನಲ್ಲಿ. ಬಂಡವಾಳ ಹಾಕುವವರು ಹಿಂದೆ ಸರಿದರು. ಗೊಂಬೆ ಇನ್ನು ಮಾತಾಡೋಲ್ಲ ಅಂತ ಕಂಪನಿ ಸಾರಿಬಿಟ್ಟಿತು. ಆಮೇಲೆ ಸ್ವಂತ ಕಂಪ್ಯೂಟರಿನಿಂದ ನಡೆಸಿಕೊಳ್ಳುವ ದಾರಿಯೊಂದನ್ನು ತೋರಿಸಿತು, ನಿಜ. ಆ ವಿದ್ಯೆ ಬಲ್ಲ ತಾಯಂದಿರು ಎಷ್ಟು ಜನ?

ನಾವು ಯಂತ್ರದ ವೈರಿಗಳಲ್ಲ. ಮನುಷ್ಯರ ಮುಖ ಗಳಿಗೆಗೊಂದು ಬಗೆ. ಕೆಲವು ಮಕ್ಕಳಿಗೆ ಅದೇ ದಿಗಿಲು. ರೋಬೋ ಹೇಳಿದ್ದನ್ನೇ ಹೇಳುತ್ತದೆ, ಬೇಸರಪಡೋಲ್ಲ, ಗದರೋಲ್ಲ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯ ಕಾಸ್ಪರ್ ಎಂಬ ರೋಬೋ ಕಟ್ಟಿ, ಅದರ ಮುಖಭಾವಗಳನ್ನು ಬೇಕೆಂದೇ ಸರಳವಾಗಿಟ್ಟಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 12 ಮಕ್ಕಳ ಮನೆಯಲ್ಲಿ ಒಂದು ತಿಂಗಳು ರೋಬೋ ಇಟ್ಟು ನೋಡಿ, 2018ರಲ್ಲಿ ಫಲ ಪ್ರಕಟಿಸಿದರು. ಮಕ್ಕಳು ದೊಡ್ಡವರ ಕಡೆ ಗಮನ ಕೊಡುವುದು ಸುಧಾರಿಸಿತ್ತು. ಆದರೆ ಅಲ್ಲಿ ಮಗುವನ್ನು ಯಂತ್ರದ ಮುಂದೆ ಕೂರಿಸಿ ಎದ್ದು ಹೋಗಿರಲಿಲ್ಲ. ಮನೆಯ ದೊಡ್ಡವರೊಬ್ಬರು ಪಕ್ಕದಲ್ಲೇ ಇದ್ದರು. ಅದೂ 12 ಮಕ್ಕಳು, ಒಂದು ತಿಂಗಳು. ಇಷ್ಟಕ್ಕೇ ಮದ್ದು ಸಿಕ್ಕಿತು ಅಂತ ಡಂಗುರ ಹೊಡೆಯೋದು ವ್ಯಾಪಾರ, ವಿಜ್ಞಾನವಲ್ಲ.

ಸುರಕ್ಷಿತ ಅಂತಾರೆ. ಅಂಚು ಚೂಪಿಲ್ಲ, ಬ್ಯಾಟರಿ ಸಿಡಿಯೋಲ್ಲ ಅಂದರೆ ಸಾಕೇ? ಗೊಂಬೆಗೆ ಕಣ್ಣಿದೆ, ಕಿವಿಯಿದೆ. ಮಗುವಿನ ಅಳು, ಮನೆಯ ಜಗಳ ಯಾರ ಉಗ್ರಾಣ ಸೇರುತ್ತವೆ? 2017ರಲ್ಲಿ ಜರ್ಮನಿ ಕೇಯ್ಲಾ ಎಂಬ ಮಾತಾಡುವ ಗೊಂಬೆಯನ್ನು ಗುಟ್ಟಾಗಿ ಕದ್ದು ಕೇಳುವ ಸಾಧನವೆಂದು ನಿಷೇಧಿಸಿತು. ನಮ್ಮ ದೇಶದ 2023ರ ಕಾಯಿದೆಯೂ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕೂಲಿ ಮುಗಿಸಿ ಬಂದ ತಾಯಿ ಇಂಗ್ಲಿಷ್ ಕಾಗದದ ಕಂತೆಗೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆಯೇ? ಇನ್ನು ಮಗುವಿನ ಒಪ್ಪಿಗೆ? ಕಿವಿ ಮುಚ್ಚಿಕೊಂಡು ಹಿಂದೆ ಸರಿಯುವ ಮಗು 'ಬೇಡ' ಅಂತಲೇ ಹೇಳ್ತಿದೆ. ಆ ಬೇಡವನ್ನು ಓದಬಲ್ಲ ಮನುಷ್ಯ ಅಲ್ಲಿ ಇರಲೇಬೇಕು.

ಅಮೆರಿಕದ ಗೊಂಬೆಯ ಕತೆ ನಮಗ್ಯಾಕೆ? ಅಲ್ಲಿನ ಸರಕು ಇಲ್ಲಿಗೆ ಬರೋದು ತಡವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಟಿಸಂ ಅನ್ನೂ ತನ್ನ 21ರ ಪಟ್ಟಿಯಲ್ಲಿ ಬರೆದುಕೊಂಡಿದೆ. ಆದರೆ ಪೂರ್ವಜನ್ಮದ ಕರ್ಮ ಅಂತ ಇಂಥ ಮಕ್ಕಳನ್ನು ಮೂಲೆಗೆ ತಳ್ಳುವವರು ಇನ್ನೂ ಇದ್ದಾರೆ. ವಿಶೇಷ ಶಿಕ್ಷಕರನ್ನು ಕೊಡಿ ಎಂದಾಗ ಹಣವಿಲ್ಲ ಅಂದು, ನಾಳೆ ಗೊಂಬೆಯೊಂದನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರೆ ಅದನ್ನು ನಾವು ಪ್ರಗತಿ ಅನ್ನಲಾರೆವು.

ಮೇಷ್ಟ್ರುಗಳೇ, ಗೆಳೆಯರೇ, ಗೊಂಬೆ ತಂದವರನ್ನು ಕೇಳೋಣ: ಮೊದಲು ಶಿಕ್ಷಕರೆಲ್ಲಿ? ಮಗುವಿನ ಮಾತು ಎಲ್ಲಿಗೆ ಹೋಗ್ತದೆ? ನಿಮ್ಮ ಕಂಪನಿ ಮುಳುಗಿದ ಮರುದಿನವೂ ಇದು ನಡೀತದಾ? ಮಗು ಸಾಕು ಅಂದಾಗ ನಿಲ್ಲಿಸೋರು ಯಾರು? ಇದನ್ನೆಲ್ಲ ಕನ್ನಡದಲ್ಲಿ, ತಾಯಿಯ ಎದುರು ಹೇಳಲಿ. ಹೇಳಲಾರದಿದ್ದರೆ ಗೊಂಬೆಯನ್ನು ವಾಪಸ್ ಒಯ್ಯಲಿ. ನಮ್ಮ ಮಕ್ಕಳು ಯಾರ ಸರಕಿನ ಪರೀಕ್ಷೆಗೂ ಹುಟ್ಟಿದವರಲ್ಲ.