ಹಿಡಿದು ಒಳಗೆ ಹಾಕಿದರೆ ಮುಗಿಯಿತೇ?

ಗಾಂಜಾ ಮಾರುತ್ತಿದ್ದ ಹುಡುಗರನ್ನು ಪೊಲೀಸರು ಹಿಡಿದರೆಂಬ ಸುದ್ದಿ ಬಂದರೆ ನಮಗೆ ಎಲ್ಲಿಲ್ಲದ ನೆಮ್ಮದಿ. ಮುಖಕ್ಕೆ ಕರ್ಚೀಫು ಕಟ್ಟಿ ಸಾಲಾಗಿ ನಿಲ್ಲಿಸಿದ ಫೋಟೊ. ಮುಂದೆ ಮೇಜಿನ ಮೇಲೆ ಪೊಟ್ಟಣ, ತೂಕದ ಯಂತ್ರ, ನಾಲ್ಕು ಮೊಬೈಲು. ‘ಇಂಥವರನ್ನು ಬಿಡಲೇಬಾರದು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಾಫಿಗೆ ಕೈಹಾಕುತ್ತೇವೆ. ಬಿಡದೆ ಇರಲಾಗದು ಎಂಬುದು ನಮಗೆ ಚೆನ್ನಾಗಿ ಗೊತ್ತು. ಚಟದ ದುಡ್ಡಿಗೆ ಸರ ಕಿತ್ತವನು, ಬೈಕು ಕದ್ದವನು, ಗೆಳೆಯರಿಗೆ ಮಾಲು ಹಂಚಿ ತನ್ನ ಪಾಲು ಗಿಟ್ಟಿಸಿಕೊಂಡವನು, ಎಲ್ಲರೂ ಇಂದಲ್ಲ ನಾಳೆ ಪರಪ್ಪನ ಅಗ್ರಹಾರ ಜೈಲಿನ ಗೇಟು ದಾಟಿ ನಮ್ಮದೇ ಬೀದಿಗೆ ಬರುತ್ತಾರೆ. ಆ ದಿನಕ್ಕೆಂದು ನಾವು ಮಾಡಿಟ್ಟಿರುವುದೇನು? ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು ಹೊರಬಂದವನಿಗೆ ಮೊದಲ ಫೋನು ಬರುವುದು ಹಳೆಯ ಗುಂಪಿನಿಂದ. ಸಂಬಂಧಿಕರ ನಂಬರು ಸ್ವಿಚ್ ಆಫ್.

ಬಿಡುಗಡೆಯ ದಿನ ಎಷ್ಟು ಅಪಾಯದ್ದೆಂಬುದು ಗುಟ್ಟೇನಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಯಿಂದ ಹೊರಬಂದವರ ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಾಧ್ಯತೆ ಅಲ್ಲಿನ ಉಳಿದ ಜನರಿಗಿಂತ 12 ಪಟ್ಟಿಗೂ ಹೆಚ್ಚಿತ್ತು. ಮುಖ್ಯ ಕಾರಣ ಮಾದಕವಸ್ತುವಿನ ಮಿತಿಮೀರಿದ ಸೇವನೆ. ಸೆರೆಯಲ್ಲಿ ಮೈ ತಾಳಿಕೆ ಕಳೆದುಕೊಂಡಿರುತ್ತದೆ, ಆಸೆ ಮಾತ್ರ ಹಾಗೇ ಇರುತ್ತದೆ. ಹಳೆಯ ಅಳತೆಯಲ್ಲಿ ತೆಗೆದುಕೊಂಡರೆ ಪ್ರಾಣವೇ ಹೋಗುತ್ತದೆ.

ಚಟ ಬಿಟ್ಟವರು ಬಿಟ್ಟದ್ದು ಹೇಗೆ? ವಿಯೆಟ್ನಾಂನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರನ್ನು 1970ರ ದಶಕದಲ್ಲಿ ಸಂಶೋಧಕಿ ಲೀ ರಾಬಿನ್ಸ್ ಬೆನ್ನುಹತ್ತಿ ನೋಡಿದರು. ಊರಿಗೆ ಮರಳಿದ ಮೊದಲ ವರ್ಷ ಮತ್ತೆ ವ್ಯಸನಿಗಳಾದವರು ನೂರಕ್ಕೆ ಐವರ ಆಸುಪಾಸು. ಹೆರಾಯಿನ್ನಿನ ಜಾಗ ಬಿಟ್ಟು ಮನೆ, ಕೆಲಸ, ತಮ್ಮವರ ನಡುವೆ ಬಂದದ್ದೇ ಬಹುಮಂದಿಯನ್ನು ಉಳಿಸಿತು. ಬಾಸ್ಟನ್ನಿನ 500 ಅಪರಾಧಿ ಬಾಲಕರ ಬದುಕನ್ನು ಎಪ್ಪತ್ತರ ಪ್ರಾಯದವರೆಗೂ ಹಿಂಬಾಲಿಸಿದ ಸಂಶೋಧಕರಾದ ಸ್ಯಾಂಪ್ಸನ್ ಮತ್ತು ಲಾಬ್ ಕಂಡದ್ದೂ ಇದೇ ಜಾಡು: ನೆಲೆಯಾದ ಕೆಲಸ, ಗಟ್ಟಿಯಾದ ದಾಂಪತ್ಯ, ಹಳೆಯ ಸಂಗದಿಂದ ದೂರ. ನಾವೋ, ಹೊರಬಂದವನನ್ನು ಮತ್ತೆ ಅದೇ ಹಳೆಯ ಸಂಗಕ್ಕೆ ಅಟ್ಟಿ, ‘ಅವನಿಗೆ ಮನಸ್ಸಿಲ್ಲ’ ಎಂದು ತೀರ್ಪು ಕೊಡುತ್ತೇವೆ.

ಕಾನೂನು ನಮಗಿಂತ ದಯಾಪರ. 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯ 64ಎ ಕಲಮನ್ನು ಓದಿ ನೋಡಿ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಪೂರ್ತಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. 39ನೇ ಕಲಮಿನ ಪ್ರಕಾರ, ಅಂಥದೇ ತಪ್ಪಿಗೆ ದೋಷಿಯೆಂದಾದವನನ್ನು ನ್ಯಾಯಾಲಯ ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಆದರೆ ಮಗ ಸಿಕ್ಕಿಬಿದ್ದ ಮನೆಯಲ್ಲಿ ನಡೆಯುವ ಚರ್ಚೆ ಯಾವುದು? ಚಿಕಿತ್ಸೆ ಎಲ್ಲಿ ಕೊಡಿಸುವುದೆಂದಲ್ಲ, ಪೇಪರಿನಲ್ಲಿ ಹೆಸರು ಬಾರದಂತೆ ಯಾರಿಗೆ ಎಷ್ಟು ಕೊಡುವುದೆಂದು.

ಅದಕ್ಕೂ ಮುಂಚಿನ ಕಥೆ ಇನ್ನೂ ನಾಚಿಕೆಗೇಡು. ಪಾಕೆಟ್ ಮನಿ ದುಪ್ಪಟ್ಟಾದಾಗ ಕೇಳಲಿಲ್ಲ, ಅಮ್ಮನ ಬಳೆ ಕಾಣೆಯಾದಾಗ ಕೆಲಸದವಳನ್ನು ಬಿಡಿಸಿದೆವು. ಕೊನೆಗೆ ನಡುರಾತ್ರಿ ನಾಲ್ವರು ಗಟ್ಟಿಗರನ್ನು ಕರೆಸಿ, ಮಲಗಿದ್ದ ಮಗನನ್ನು ವ್ಯಾನಿಗೆ ತುಂಬಿಸಿ, ನೋಂದಣಿಯಾಗಿದೆಯೋ ಇಲ್ಲವೋ ಎಂದೂ ವಿಚಾರಿಸದ ‘ಸೆಂಟರ್’ ಒಂದಕ್ಕೆ ಮೂರು ತಿಂಗಳ ಹಣ ಕಟ್ಟಿ ಕೈತೊಳೆದುಕೊಂಡೆವು. ಅಲ್ಲಿ ಹೊಡೆಯುತ್ತಾರಂತೆ ಎಂದರೆ, ‘ಎರಡು ಬಿದ್ದರೆ ಬುದ್ಧಿ ಬರಲಿ ಬಿಡಿ’ ಎಂದೆವು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಅಲ್ಲಿಗೆ ಮಾತ್ರ ಹೋಗಲೊಲ್ಲೆವು. ಅಲ್ಲಿ ವೈದ್ಯರು ತಂದೆಯನ್ನೂ ಕೂರಿಸಿ ಪ್ರಶ್ನೆ ಕೇಳುತ್ತಾರಲ್ಲ! ಒಮ್ಮೆ ಬಿಟ್ಟವನು ಮತ್ತೆ ಬೀಳಬಹುದು, ಮತ್ತೆ ಏಳಲೂಬಹುದು. ಬಿದ್ದಾಗಲೆಲ್ಲ ಬರಬೇಕು ಎಂದೂ ಹೇಳುತ್ತಾರೆ. ಅಷ್ಟು ತಾಳ್ಮೆ ನಮಗೆಲ್ಲಿಯದು?

ಹಿಂದಿನವರು ದೇವತೆಗಳೇನಾಗಿರಲಿಲ್ಲ. ಕುಡುಕನನ್ನು ಕಂಬಕ್ಕೆ ಕಟ್ಟಿದ್ದೂ ಉಂಟು. ಆದರೆ ಮರುದಿನ ಅವನನ್ನು ಗದ್ದೆಗೆ ಕರೆದು, ಕೂಲಿಯನ್ನು ಅವನ ಹೆಂಡತಿಯ ಕೈಗೆ ಕೊಡುವ ಒಬ್ಬ ಹಿರಿಯನಾದರೂ ಊರಲ್ಲಿರುತ್ತಿದ್ದ. ಕುಡುಕ ಊರಿನವನಾಗಿಯೇ ಉಳಿಯುತ್ತಿದ್ದ. ಇಂದು ಜೈಲಿನಿಂದ ಬಂದವನು ಬಾಡಿಗೆ ಮನೆಗೆ ಬಂದರೆ ಆಧಾರ್ ಕೇಳಿ, ಹೆಸರನ್ನು ಗೂಗಲ್ ಮಾಡಿ, ‘ಬೇರೆಯವರಿಗೆ ಕೊಟ್ಟಾಯಿತು’ ಎನ್ನುತ್ತೇವೆ. ಡೆಲಿವರಿ ಕೆಲಸಕ್ಕೂ ಪೊಲೀಸ್ ದಾಖಲೆ ತಾ ಎನ್ನುತ್ತೇವೆ. ವೆಲ್ಡಿಂಗ್ ಕಲಿತವನಿದ್ದಾನೆ, ಸೈಟಿನಲ್ಲಿ ಜನ ಸಾಲದೆಂದು ದಿನವೂ ಗೊಣಗುವ ನಾವೇ ಅವನನ್ನು ಗೇಟಿನ ಒಳಕ್ಕೆ ಬಿಡುವುದಿಲ್ಲ. ಹೇಗೋ ಕೆಲಸ ಸಿಕ್ಕಿದರೂ ಜೊತೆಗೆ ದುಡಿಯುವವರೇನು ಕಡಿಮೆಯಲ್ಲ: ಒಂದು ಸ್ಪಾನರ್ ಕಾಣದಿದ್ದರೆ ಮೊದಲು ಅವನ ಚೀಲ ತಡಕುತ್ತಾರೆ, ಸಿಕ್ಕದಿದ್ದರೂ ಕ್ಷಮೆ ಕೇಳುವುದಿಲ್ಲ. ಮುಂದಿನ ತಿಂಗಳು ಬಿಡುಗಡೆಯಾಗುವ ಮಗನಿಗೊಂದು ಕೆಲಸ ಕೊಡಿ ಎಂದು ತಾಯಿ ಬಂದರೆ, ಒಳಗೇ ಕೂತು ‘ಸಾಹೇಬರು ಊರಲ್ಲಿಲ್ಲ’ ಎಂದು ಹೇಳಿಸುವವರು ನಾವು. ಆರು ತಿಂಗಳಲ್ಲಿ ಅವನು ಮತ್ತೆ ಸಿಕ್ಕಿಬಿದ್ದಾಗ, ‘ನಾನು ಅವತ್ತೇ ಹೇಳಿರಲಿಲ್ಲವೇ’ ಎನ್ನುವವರೂ ನಾವೇ.