ಮಕ್ತಬ್ ಶಾಲೆಯ ಶತ್ರುವಲ್ಲ

ಇಸ್ಲಾಮಿ ಶಿಕ್ಷಣವು ಮುಸ್ಲಿಂ ಮಕ್ಕಳನ್ನು ಶಾಲೆಯಿಂದ ದೂರ ಸೆಳೆದು, ಜಾತ್ಯತೀತ ಸಮಾಜದಲ್ಲಿ ಒಂಟಿಯಾಗಿಸುತ್ತದೆ ಎಂಬುದು ಈಚೆಗೆ ಪ್ರಕಟವಾದ ಲೇಖನದ ವಾದ. ಕಾಳಜಿ ಪ್ರಾಮಾಣಿಕವೇ ಇರಬಹುದು, ವಾದಕ್ಕೆ ಬುಡವಿಲ್ಲ.

ಲೇಖಕರು ಮಕ್ತಬ್ ಹಾಗೂ ಮದರಸಾ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ, ವಾಡಿ, ಶಹಾಬಾದಿನ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಕ್ತಬ್: ಮುಂಜಾನೆಯೋ ಸಂಜೆಯೋ ತಾಸು ಹೊತ್ತು ಕುರಾನ್ ಓದು, ನಮಾಜಿನ ಕ್ರಮ, ಹಿರಿಯರೊಂದಿಗೆ ನಡೆದುಕೊಳ್ಳುವ ರೀತಿ. ಅದೇ ಮಕ್ಕಳು ಹೊತ್ತೇರಿದ ಮೇಲೆ ಶಾಲೆಯ ಬೆಂಚಿನ ಮೇಲಿರುತ್ತಾರೆ. ಪೂರ್ಣಾವಧಿ ಮದರಸಾಗಳಲ್ಲಿ ಕಲಿಯುವವರು ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇ 3ರಿಂದ 4ರಷ್ಟು ಮಾತ್ರ ಎಂದು ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ಸಮಿತಿ ವರದಿಯೇ ಹೇಳಿದೆ. ಶಾಲೆ ಬಿಡಿಸುವುದರಲ್ಲಿ ಬಡತನದ ಪಾಲು ದೊಡ್ಡದು ಎಂದೂ ಅದೇ ವರದಿ ಹೇಳುತ್ತದೆ. ಕಲ್ಲುಗಣಿಯ ಕೂಲಿ ನಂಬಿದ ನಮ್ಮ ಮನೆಗಳಿಗೆ ಇದನ್ನು ವರದಿ ಓದಿ ತಿಳಿಯಬೇಕಾಗಿಲ್ಲ.

ಜಾತ್ಯತೀತತೆಗೆ ಧಕ್ಕೆ ಎಂಬ ಮಾತೂ ನಿಲ್ಲದು. ಪೂರ್ತಿ ಸರ್ಕಾರಿ ಹಣದ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎನ್ನುವ ಸಂವಿಧಾನವೇ, 30ನೇ ವಿಧಿಯಲ್ಲಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು ಕೊಟ್ಟಿದೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಮದರಸಾ ಕಾಯ್ದೆಯನ್ನು ಬಹುಪಾಲು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಶಿಕ್ಷಣದ ಗುಣಮಟ್ಟ ಕಾಯುವ ಅಧಿಕಾರ ಸರ್ಕಾರಕ್ಕಿದೆ ಎಂದೂ ಹೇಳಿತು.

ಎರಡೂ ಕಲಿಕೆ ಜೊತೆಗೆ ಸಾಗಬಲ್ಲವು: ಬೀದರಿನ ಶಾಹೀನ್ ಸಂಸ್ಥೆ ಕುರಾನ್ ಕಂಠಪಾಠ ಮಾಡಿದ ಹಾಫಿಜ್ ಹುಡುಗರಿಗೆ ಗಣಿತ, ವಿಜ್ಞಾನ ಕಲಿಸಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಕೂರಿಸುತ್ತಿದೆ. ಕನ್ನಡ, ಗಣಿತ ಕಲಿಸದ ಪೂರ್ಣಾವಧಿ ಮದರಸಾ ಇದ್ದರೆ ಅದು ಬದಲಾಗಲೇಬೇಕು. ಲೇಖಕರು ಅದನ್ನು ಕೇಳಲಿ, ನಾನೂ ದನಿಗೂಡಿಸುತ್ತೇನೆ.