ಅಜ್ಜನ ಷರ್ಟು, ಮೊಮ್ಮಗಳ ಗೂಬೆ

ಅಕ್ಟೋಬರ್ ಬಂತೆಂದರೆ ಇಲ್ಲಿ ಮಿಷಿಗನ್‌ನ ಅಂಗಡಿಗಳ ತುಂಬ ಹಾಲೋವೀನ್ ವೇಷಗಳು ನೇತಾಡುತ್ತವೆ. ಹೆಚ್ಚಿನವು ತೆಳು ಪಾಲಿಯೆಸ್ಟರ್. 31ರ ಸಂಜೆ ಎರಡು ಗಂಟೆ ಹಾಕಿಕೊಂಡರೆ ಮುಗೀತು. ಮುಂದಿನ ವರ್ಷದ ಹೊತ್ತಿಗೆ ಮಗು ಬೆಳೆದಿರುತ್ತೆ. ಅದಕ್ಕೇ ನಮ್ಮನೆಯಲ್ಲಿ ಒಂದು ನಿಯಮ: ವೇಷ ಯಾವುದಾದರೂ ಆಗಲಿ, ಸಾಮಾನು ಮನೆಯದೇ.

ಈ ಸಲ ಏಳು ವರ್ಷದ ಮಗಳು ಕೇಳಿದ್ದು ಗೂಬೆ. ವಿಡಿಯೋ ಕಾಲ್‌ನಲ್ಲಿ ಅಮ್ಮ, "ಅಯ್ಯೋ, ಮಗೂಗೆ ಗೂಬೆ ವೇಷನಾ? ನವಿಲೋ ಗಿಳಿಯೋ ಮಾಡು" ಅಂದರು. "ಅಜ್ಜಿ, ಹಾಲೋವೀನ್‌ನಲ್ಲಿ ಹೆದರಿಸ್ಬೇಕು. ಗಿಳಿಗೆ ಯಾರು ಹೆದರ್ತಾರೆ?" ಅಂದ್ಲು ಇವಳು. ಅಜ್ಜಿ ಹತ್ತಿರ ಉತ್ತರ ಇರಲಿಲ್ಲ.

ಮೈಗೆ ಟೋಪಿಯಿರುವ ಅವಳದೇ ಬೂದು ಸ್ವೆಟ್‌ಶರ್ಟ್ ಸಿಕ್ಕಿತು. ಗರಿಗೆ ಹಳೇ ದಿಂಬಿನ ಕವರ್‌ಗಳು ಸಾಲಲಿಲ್ಲ. ಕಂದು ಬಣ್ಣದ್ದು ಅಂತ ಉಳಿದಿದ್ದು ಅಪ್ಪನ ಚೌಕುಳಿ ಷರ್ಟು ಒಂದೇ. ಇಲ್ಲಿಗೆ ಬಂದಾಗ ಬಿಟ್ಟುಹೋಗಿದ್ದರು. ಅಪ್ಪ ಈಗಿಲ್ಲ. ಅಮ್ಮನನ್ನೇ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಪಾಟಲ್ಲಿದ್ದು ಏನು ಮಾಡುತ್ತೆ? ಕತ್ತರಿಸು. ಜೇಬು ಮಾತ್ರ ಹಾಗೇ ಇಡು, ಪೆಪ್ಪರ್‌ಮೆಂಟು ಅದರಲ್ಲೇ ಇಟ್ಕೋತಿದ್ರು" ಅಂದರು.

ಮಾಡೋದು ಕಷ್ಟವಿಲ್ಲ. ಬಟ್ಟೆಯನ್ನು ಮೂರು ಇಂಚು ಅಗಲದ ಗರಿಗಳಾಗಿ ಕತ್ತರಿಸಿ, ತುದಿ ದುಂಡಗಿರಲಿ. ಕೆಳಗಿನ ಸಾಲಿನಿಂದ ಶುರು ಮಾಡಿ, ಮೇಲಂಚನ್ನು ಮಾತ್ರ ಹೊಲಿಯಿರಿ. ಮಂಗಳೂರು ಹೆಂಚು ಹೊದಿಸಿದ ಹಾಗೆ, ಮೇಲಿನ ಸಾಲು ಕೆಳಗಿನದರ ಹೊಲಿಗೆಯನ್ನು ಮುಚ್ಚಬೇಕು. ಅಂಚಿನಲ್ಲಿ ನೂಲು ಬಿಟ್ಟರೆ ಬಿಡಲಿ, ಗರಿಯ ಹಾಗೇ ಕಾಣುತ್ತೆ. ಮೊಟ್ಟೆ ಟ್ರೇಯ ಎರಡು ಗುಳಿಗಳಿಗೆ ಹಳದಿ ಬಳಿದರೆ ಕಣ್ಣು. ಸೀರಿಯಲ್ ಡಬ್ಬದ ರಟ್ಟು ಕೊಕ್ಕು.

ಚೆಂದಕ್ಕಿಂತ ಮುಖ್ಯವಾದ ನಾಲ್ಕು ಮಾತು. ಗೂಬೆಯ ಕಣ್ಣು ಟೋಪಿಯ ಮೇಲಿರಲಿ, ಮಗುವಿನ ಕಣ್ಣನ್ನು ಮುಚ್ಚದಿರಲಿ. ವೇಷ ಕಾಲಿಗೆ ತೊಡರಬಾರದು. ಕತ್ತಲಲ್ಲಿ ಕಾರಿನವರಿಗೆ ಕಾಣಲು ಬೆನ್ನಿಗೆ ಬೆಳಕು ಪ್ರತಿಫಲಿಸುವ ಟೇಪ್ ಅಂಟಿಸಿ. ಕೆಲವು ಮನೆಗಳ ಮೆಟ್ಟಿಲ ಮೇಲೆ ಕುಂಬಳಕಾಯಿಯೊಳಗೆ ನಿಜವಾದ ಮೇಣದಬತ್ತಿ ಉರಿಯುತ್ತಿರುತ್ತೆ, ಹತ್ತಿ ಬಟ್ಟೆಗೆ ಬೇಗ ಕಿಡಿ ತಾಗುತ್ತೆ. ಅದಕ್ಕೇ ಜೋತಾಡುವ ರೆಕ್ಕೆ ಬೇಡ, ಗರಿಗಳನ್ನು ತೋಳಿಗೇ ಹೊಲಿಯಿರಿ, ಮತ್ತು ದೀಪದಿಂದ ದೂರ ನಿಲ್ಲಲು ಹೇಳಿಕೊಡಿ. ಒಳಗೊಂದು ಸ್ವೆಟರ್ ಹಿಡಿಸುವಷ್ಟು ಜಾಗವೂ ಇರಲಿ, ಇಲ್ಲಿಯ ಚಳಿ ಸುಮ್ಮನೆ ಬಿಡಲ್ಲ.

ಜೇಬನ್ನು ಗೂಬೆಯ ಎದೆಗೆ ಹೊಲಿದೆವು. ಮೂರನೇ ಮನೆ ಮುಗಿಯುವಷ್ಟರಲ್ಲಿ ಅದು ಚಾಕೊಲೇಟಿನಿಂದ ತುಂಬಿತ್ತು. ಫೋಟೋ ನೋಡಿದ ಅಮ್ಮ ಶಕುನದ ಮಾತೆತ್ತಲಿಲ್ಲ, "ಜೇಬು ಕಾಣೋ ಹಾಗೆ ಇನ್ನೊಂದು ಕಳಿಸು" ಅಂದರು.

ವಾರದ ನಂತರ ಗರಿಗಳನ್ನು ಬಿಚ್ಚಿದೆವು. ಸ್ವೆಟ್‌ಶರ್ಟ್ ಈಗ ಮತ್ತೆ ಸ್ಕೂಲಿಗೆ ಹೋಗುತ್ತೆ. ಜೇಬು ಬಿಚ್ಚೋದು ಬೇಡ ಅಂದ್ಲು ಮಗಳು, ಬಿಟ್ಟಿದ್ದೇನೆ.